ಡ್ರಿಲ್ ಮೇಡಂ ಮತ್ತು ಕದಲುವ ಚಪ್ಪಡಿ

ನಿಮ್ಮ ಹತ್ತಿರ ಹೇಳಿಬಿಡುತ್ತೇನೆ, ನಾನು ಬಿದ್ದೆ. ಇಷ್ಟು ಹೇಳಲು ನನಗೆ ಮೂರು ವಾರ ಬೇಕಾಯಿತು. ಜಯನಗರದ ನಮ್ಮ ಬೀದಿಯಲ್ಲಿ, ನಮ್ಮ ಮನೆಯಿಂದ ಮೂರನೆಯ ಗೇಟಿನ ಎದುರು, ಹೊಂಗೆ ಮರದ ಪಕ್ಕ ಚರಂಡಿಗೆ ಮುಚ್ಚಿದ ಚಪ್ಪಡಿ ಕಲ್ಲೊಂದಿದೆ. ಬೆಳಗಿನ ವಾಕಿಂಗ್‌ನಲ್ಲಿ ಅದರ ತುದಿ ಮೆಟ್ಟಿದೆ. ಅದು ಲಟಕ್ ಎಂದಿತು, ನಾನು ನೆಲದ ಮೇಲಿದ್ದೆ. ಮರದ ಕೆಳಗೆ ಇಸ್ತ್ರಿ ಗಾಡಿ ಇಟ್ಟುಕೊಂಡಿರುವ ಮುನಿರಾಜು ಓಡಿಬಂದು ಎಬ್ಬಿಸಿದ. ಮಂಡಿ ತರಚಿತ್ತು, ಮೊಣಕೈ ಆಗಲೇ ಊದತೊಡಗಿತ್ತು. ನನ್ನ ಬಾಯಿಂದ ಬಂದ ಮೊದಲ ಮಾತು ಅಮ್ಮಾ ಎಂದಲ್ಲ, ಯಾರಿಗೂ ಹೇಳಬೇಡಪ್ಪ ಎಂದು.

ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮೇಡಂ ಆಗಿದ್ದವಳು ನಾನು. ಗೂನು ಹಾಕಿಕೊಂಡು ನಿಂತ ಮಕ್ಕಳನ್ನು ಒಂದೇ ಸೀಟಿ ಊದಿ ನೆಟ್ಟಗೆ ಮಾಡಿದವಳು. ಅಂಥವಳು ಹಾಡಹಗಲು ಬೀದಿಯಲ್ಲಿ ಬಿದ್ದಳೆಂದರೆ ಹೇಗೆ? ಅದಕ್ಕಿಂತ ದೊಡ್ಡ ಕಾರಣ ನನ್ನ ಮಗಳು ಸುಮನಾ. ನಾನಿರುವುದು ಅವಳ ಜೊತೆಯಲ್ಲೇ. ಅವಳಿಗೆ ನನ್ನ ಮೇಲೆ ಪ್ರೀತಿ ಜಾಸ್ತಿ, ಭಯ ಅದಕ್ಕಿಂತ ಜಾಸ್ತಿ. ಗೊತ್ತಾದರೆ ಮಾರನೆಯ ದಿನದಿಂದಲೇ ನನ್ನ ವಾಕಿಂಗ್ ಟೆರೇಸಿಗೆ ವರ್ಗವಾಗುತ್ತದೆ. ನೀರಿನ ಟ್ಯಾಂಕಿಗೆ ಪ್ರದಕ್ಷಿಣೆ ಹಾಕಿಕೊಂಡಿರುವುದು ಒಂದು ಬದುಕೇ? ಹೂವಿನವಳನ್ನು ಮಾತಾಡಿಸಿ, ಯಾರ ಮನೆಗೆ ಹೊಸ ಬಣ್ಣ ಬಿತ್ತೆಂದು ನೋಡಿ ಬರುವ ಆ ಮುಕ್ಕಾಲು ಗಂಟೆಯಷ್ಟೇ ದಿನದಲ್ಲಿ ನನ್ನದು. ಹಾಗಾಗಿ ಮೊಣಕೈಗೆ ಬೀರುವಿನ ಬಾಗಿಲು ತಗುಲಿತು ಎಂದೆ. ಬೀರು ಪಾಪ, ಎದುರು ಮಾತಾಡಲಿಲ್ಲ.

ನಮ್ಮ ವಯಸ್ಸಿನವರು ಯಾರೂ ಬೀಳುವುದಿಲ್ಲ, ಗಮನಿಸಿದ್ದೀರಾ? ಸ್ವಲ್ಪ ಜಾರುತ್ತೇವೆ. ಹಾಗೇ ಕೂತುಬಿಡುತ್ತೇವೆ. ಇಲ್ಲದಿದ್ದರೆ ಚಪ್ಪಲಿ ಸರಿಯಿರುವುದಿಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ಮಾಡಿದವರು ಮೀಸೆಯಿಲ್ಲದ ಜಟ್ಟಿಗಳನ್ನೂ ಬಲ್ಲವರಾಗಿದ್ದಿರಬೇಕು. ಕಷ್ಟಪಡದ ಸಾವು, ಇನ್ನೊಬ್ಬರ ಮುಂದೆ ಕೈಚಾಚದ ಬದುಕು ಕೊಡಪ್ಪ ಎಂದು ನಮ್ಮ ಹಿರಿಯರು ದಿನಾ ದೇವರನ್ನು ಕೇಳಿಕೊಳ್ಳುತ್ತಿದ್ದರು. ಈಗಿನ ಜಯನಗರದಲ್ಲಿದ್ದಿದ್ದರೆ ಕದಲದ ಚಪ್ಪಡಿಯನ್ನೂ ಜೊತೆಗೆ ಕೇಳುತ್ತಿದ್ದರೇನೋ.

ಇಷ್ಟಕ್ಕೇ ಮುಗಿದಿದ್ದರೆ ನಾನು ನೆಮ್ಮದಿಯಾಗಿರುತ್ತಿದ್ದೆ. ಮುಗಿಯದಂತೆ ಮಾಡಿದವಳೂ ನಾನೇ. ಬೇಸಿಗೆ ರಜೆ ಬಂತು. ಆರನೆಯ ಕ್ಲಾಸು ಮುಗಿಸಿದ ಮೊಮ್ಮಗಳು ಧೃತಿ ಸೋಫಾದಲ್ಲಿ ಫೋನು ಹಿಡಿದು ಮಲಗಿದ್ದಳು. ಹಳೆಯ ಮೇಷ್ಟರ ಚಾಳಿ ಎಲ್ಲಿಗೆ ಹೋಗುತ್ತದೆ? ನಾಲ್ಕು ಜನಕ್ಕೆ ಉಪಯೋಗವಾಗುವಂಥದ್ದು ಏನಾದರೂ ಮಾಡಿ, ಕೇಳುವವರೆಗೆ ಕಾಯಬೇಡಿ ಎಂದು ಅವಳಿಗೂ ಅವಳ ಇಬ್ಬರು ಗೆಳತಿಯರಿಗೂ ಅರ್ಧ ಗಂಟೆ ಭಾಷಣ ಮಾಡಿದೆ. ಭಾಷಣ ಕೇಳಿ ಮಕ್ಕಳು ನಿಜವಾಗಿಯೂ ಎದ್ದರೆ ಏನು ಗತಿ ಎಂದು ಯೋಚಿಸಿರಲಿಲ್ಲ. ಅವರು ಎದ್ದರು. ಒಂದು ನೋಟ್‌ಬುಕ್ ಹಿಡಿದು, ಬೀದಿಯ ಹಿರಿಯರೆಲ್ಲ ಎಲ್ಲೆಲ್ಲಿ ಬಿದ್ದಿದ್ದಾರೆ ಎಂದು ಬರೆದುಕೊಳ್ಳಲು ಹೊರಟರು. ಆ ಜಾಗಗಳಿಗೆ ಹಳದಿ ಬಣ್ಣ ಬಳಿದು, ರಿಪೇರಿ ಮಾಡಿಸಿ ಎಂದು ಅರ್ಜಿ ಕೊಡುವುದು ಅವರ ಯೋಜನೆ. ತಾನು ತೋಡಿದ ಹಳ್ಳಕ್ಕೆ ತಾನೇ ಎನ್ನುತ್ತಾರಲ್ಲ, ಹಾಗಾಯಿತು.

ಮೊದಲು ನನ್ನನ್ನೇ ಕೇಳಿದರು. ಡ್ರಿಲ್ ಮೇಡಂ ಬೀಳ್ತಾರೇನ್ರೇ ಎಂದು ನಕ್ಕು, ಪಕ್ಕದ ಮನೆಯ ಸೀತಾರಾಮಯ್ಯನವರ ಕಡೆ ಕೈ ತೋರಿಸಿದೆ. ಎಪ್ಪತ್ತೆಂಟರ ಅವರು ನನ್ನ ಕಡೆ ಕೈ ತೋರಿಸಿದರಂತೆ. ಸಂಜೆ ಧೃತಿ ಖಾಲಿ ನೋಟ್‌ಬುಕ್ ಮೇಜಿನ ಮೇಲೆ ಇಟ್ಟಳು.

"ಯಾರೂ ಬಿದ್ದೇ ಇಲ್ವಂತೆ ಅಜ್ಜಿ. ನಾಳೆಯಿಂದ ಹೋಗಲ್ಲ ಬಿಡು. ನಮ್ಮ ಕೆಲಸ ಯಾರಿಗೂ ಬೇಡ."

ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಯಾರು ಮೆಟ್ಟಿದರೂ ಆ ಚಪ್ಪಡಿ ಲಟಕ್ ಎನ್ನುವುದು ನಮ್ಮ ಮನೆಯೊಳಗೆ ಕೇಳುತ್ತದೆ. ಹುರುಳಿಕಾಯಿ ಬಿಡಿಸುತ್ತಿದ್ದವಳು ಎದ್ದು ಗೇಟಿಗೆ ಹೋಗುತ್ತೇನೆ, ಯಾರೋ ಸುರಕ್ಷಿತವಾಗಿ ದಾಟಿ ಹೋಗಿರುತ್ತಾರೆ, ವಾಪಸು ಬಂದು ಕೂರುತ್ತೇನೆ, ಮತ್ತೆ ಲಟಕ್. ಸೀತಾರಾಮಯ್ಯನವರು ಕೋಲೂರಿಕೊಂಡು ಅದೇ ದಾರಿಯಲ್ಲಿ ದಿನಾ ಆರೂವರೆಗೆ ಹಾಲು ತರಲು ಹೋಗುತ್ತಾರೆ. ಸಂಕ್ರಾಂತಿಯ ಹೊತ್ತಿಗೆ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡು, ಈಚೆಗಷ್ಟೇ ಪ್ಲಾಸ್ಟರ್ ಬಿಚ್ಚಿಸಿಕೊಂಡವರು. ಅವರು ಅಲ್ಲಿ ಬಿದ್ದರೆ ಕೆಡವಿದವಳು ನಾನು.

ಸತ್ಯ ಹೇಳುವುದನ್ನು ಬಿಟ್ಟು ಇನ್ನೇನು ಮಾಡಬಹುದೋ ಎಲ್ಲ ಮಾಡಿದೆ. ಬೆಳಗ್ಗೆ ಆರಕ್ಕೇ ಹೋಗಿ ಆ ಚಪ್ಪಡಿಯ ಮೇಲೆ ಕಾಲಗಲಿಸಿ ನಿಂತು ಕೈ ತಿರುಗಿಸುವ ವ್ಯಾಯಾಮ ಶುರು ಮಾಡಿದೆ. ಜನ ನನ್ನನ್ನು ಬಳಸಿಕೊಂಡು ರಸ್ತೆಗಿಳಿದು ಹೋಗುತ್ತಿದ್ದರು. ಕೆಲವರು ಕೈ ಮುಗಿದರು. ಇಡೀ ಜಯನಗರದಲ್ಲಿ ವ್ಯಾಯಾಮಕ್ಕೆ ಚರಂಡಿಯ ಮೇಲಿನ ಕಲ್ಲೇ ಯಾಕೆ ಬೇಕೆಂದು ಯಾರೂ ಕೇಳಲಿಲ್ಲ. ಮುನಿರಾಜು ಮಾತ್ರ ಇದ್ದಿಲು ಊದುತ್ತ, "ಎಷ್ಟು ದಿನ ನಿಂತ್ಕೋತೀರಾ ಮೇಡಂ?" ಎಂದ.

ಐದೇ ದಿನ. ಆರನೆಯ ದಿನ ತಲಘಟ್ಟಪುರದಲ್ಲಿ ನೆಂಟರ ಮಗುವಿನ ನಾಮಕರಣ. ಆರು ಗಂಟೆಗೇ ಮಗಳು ಕಾರು ತೆಗೆದಳು. ರೇಷ್ಮೆ ಸೀರೆಯುಟ್ಟು ಹಿಂದೆ ಧೃತಿಯ ಪಕ್ಕ ಕೂತೆ, ಸೆರಗು ಸರಿಮಾಡಿಕೊಂಡೆ, ಮತ್ತೆ ಮಾಡಿಕೊಂಡೆ. ಕಾರು ಚಪ್ಪಡಿಯ ಪಕ್ಕ ಬಂದಾಗ ಅದರ ಮೇಲೆ ಯಾರೂ ಇರಲಿಲ್ಲ. ಇನ್ನರ್ಧ ಗಂಟೆಗೆ ಸೀತಾರಾಮಯ್ಯನವರು ಬರುತ್ತಾರೆ. ನಿಲ್ಲಿಸು ಎಂದೆ. ಬಾಗಿಲು ತೆಗೆದು ಇಳಿದೆ.

"ಧೃತಿ, ನಿನ್ನ ನೋಟ್‌ಬುಕ್ ತಗೊಂಡ್ ಬಾ. ಬರ್ಕೊ. ನಾನು ಇಲ್ಲೇ ಬಿದ್ದಿದ್ದು."

ಮಗಳು ಕಾರಿನಿಂದಿಳಿದು ನನ್ನ ಮೊಣಕೈಯನ್ನೂ ಮುಖವನ್ನೂ ನೋಡಿದಳು. ಟೆರೇಸ್ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದದ್ದು ನನಗೆ ಕಾಣುತ್ತಿತ್ತು. ಅಷ್ಟರಲ್ಲಿ ಧೃತಿ ನಡುವೆ ಬಂದಳು.

"ಅಮ್ಮ, ಬೈಬೇಡ. ನೀನು ಬೈದ್ರೆ ಇನ್ಯಾರೂ ನಮಗೆ ಹೇಳಲ್ಲ."

ಸುಮನಾ ಬೈಯಲಿಲ್ಲ. ರಸ್ತೆಯ ಮಧ್ಯದಲ್ಲೇ ನನ್ನ ಕೈ ಹಿಡಿದುಕೊಂಡು ತುಂಬ ನೋವಾಯ್ತಾ ಎಂದು ಕೇಳಿದಳು. ಮೂರು ವಾರದಿಂದ ಆ ಒಂದು ಮಾತು ಯಾರ ಬಾಯಲ್ಲೂ ಬರದಂತೆ ನಾನೇ ಕಾವಲು ಕಾದಿದ್ದೆನಲ್ಲ ಎಂದು ಅಳು ಬಂತು. ಮುನಿರಾಜು ತನ್ನ ಗಾಡಿಯ ಸ್ಟೂಲು ತಂದು, ಯಾರೂ ಮೆಟ್ಟದಂತೆ ಚಪ್ಪಡಿಯ ಮೇಲಿಟ್ಟ. ನಾಮಕರಣಕ್ಕೆ ಹೋಗಿಬಂದೆವು.

ಮಧ್ಯಾಹ್ನವೇ ಮಕ್ಕಳು ಹಳದಿ ಬಣ್ಣ ಬಳಿದರು. ಮುನಿರಾಜು ಸಂದಿಗೆ ಕಲ್ಲಿನ ಚೂರುಗಳನ್ನು ಬಿಗಿದ. ಅರ್ಜಿಯೂ ಹೋಯಿತು. ಸಂಜೆ ಸೀತಾರಾಮಯ್ಯನವರು ಕೋಲೂರಿಕೊಂಡು ನಮ್ಮ ಗೇಟಿಗೆ ಬಂದರು. ನನ್ನ ಕಡೆ ನೋಡದೆ ನೇರವಾಗಿ ಧೃತಿಯನ್ನು ಕರೆದರು.

"ನಂದೂ ಒಂದು ಬರ್ಕೊ ಮಗು. ಅದೇ ಚಪ್ಪಡಿ. ಈ ಮಣಿಕಟ್ಟು ಬಚ್ಚಲಲ್ಲಿ ಮುರೀಲಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಈ ಮನುಷ್ಯ ಸಂಕ್ರಾಂತಿಯಲ್ಲೇ ಬಾಯಿಬಿಟ್ಟಿದ್ದರೆ ನನ್ನ ಮಂಡಿ ನೆಟ್ಟಗಿರುತ್ತಿತ್ತು. ಹಾಗೆಂದು ಹೇಳಲು ಬಾಯಿ ತೆರೆದವಳು, ಬೀರುವಿನ ಬಾಗಿಲು ನೆನಪಾಗಿ ಮುಚ್ಚಿಕೊಂಡೆ. ಅವರು ಇನ್ನೂ ಹೋಗಿರಲಿಲ್ಲ. ನೋಟ್‌ಬುಕ್ಕಿನೊಳಗೆ ಇಣುಕಿ, ಮೊದಲು ಬಿದ್ದದ್ದು ತಾವಾದ್ದರಿಂದ ತಮ್ಮ ಹೆಸರು ಡ್ರಿಲ್ ಮೇಡಂ ಹೆಸರಿಗಿಂತ ಮೇಲೆ ಬರಬೇಕು ಎಂದು ಪಟ್ಟು ಹಿಡಿದಿದ್ದರು. ಧೃತಿ ಪೆನ್ನು ಹಿಡಿದು ನನ್ನ ಮುಖ ನೋಡಿದಳು.

"ಮೇಲೆ ಬರ್ಕೊಮ್ಮ" ಎಂದು ಹೇಳಿ, ಅವರಿಗೆ ಕೂರಲು ಕುರ್ಚಿ ತರಹೋದೆ.