ಮೊದಲ ಒತ್ತಿ ನೋಡು

ಅಕ್ಕೋರ ಬಲಗೈ ತೋರುಬೆರಳಿನ ತುದಿ ಚಪ್ಪಟೆಯಾಗಿತ್ತು. ಕಂಪ್ಯೂಟರ್ ಬರುವ ಮೊದಲು ಟೈಪ್‌ರೈಟರಿನ ಕೀಲಿಗಳನ್ನು ಕುಟ್ಟಿ ಕುಟ್ಟಿ ಹಾಗಾದದ್ದು ಎಂದು ಅವರೇ ಹೇಳುತ್ತಿದ್ದರು. ಆ ಬೆರಳಿನ ಬಗ್ಗೆ ಅವರಿಗೆ ಒಳ್ಳೇ ಜಂಬವಿತ್ತು. ಚಹಾದ ಮೇಲಿನ ಕೆನೆ ತೆಗೆಯುವುದು, ಗೋಡೆಯ ಮೇಲಿನ ಧೂಳು ಪರೀಕ್ಷಿಸುವುದು, ನಮ್ಮ ತಲೆಗೆ ಮೊಟಕುವುದು, ಎಲ್ಲ ಅದೇ ಬೆರಳಿನಿಂದ. ನನ್ನ ತಲೆಗೆ ಬಿದ್ದ ಮೊಟಕುಗಳು ಉಳಿದವರಿಗಿಂತ ಹೆಚ್ಚು ಎಂಬುದು ನನಗೂ ಒಂದು ಜಂಬ.

ನಮ್ಮ ಕಡೆ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರು ಎನ್ನುವುದು ರೂಢಿ. ಇವರು ಹಳಿಯಾಳದಲ್ಲಿ ಟೈಪಿಂಗ್ ಮತ್ತು ಕಂಪ್ಯೂಟರ್ ಕಲಿಸುತ್ತಿದ್ದರು. ತಮ್ಮ ಅಣ್ಣನ ಮನೆಯ ಮುಂದಿನ ಖೋಲಿಯೇ ಅವರ ಕ್ಲಾಸು. ಅದಕ್ಕೆ ಬೀದಿಯ ಕಡೆಗೊಂದು ಬಾಗಿಲು, ಮನೆಯೊಳಗೆ ಹೋಗಲು ಇನ್ನೊಂದು. ಮದುವೆಯಾಗದ ಅಕ್ಕೋರು ಆ ಎರಡು ಬಾಗಿಲುಗಳ ನಡುವೆಯೇ ಆಯುಷ್ಯ ಸವೆಸಿದರು. ಹಗಲು ಕಲಿಸುವುದು ಅಲ್ಲೇ, ರಾತ್ರಿ ಕುರ್ಚಿಗಳನ್ನು ಸರಿಸಿ ಹಾಸಿಗೆ ಹಾಕಿಕೊಳ್ಳುವುದೂ ಅಲ್ಲೇ. ಅಣ್ಣ ತೀರಿಕೊಂಡ ಮೇಲೆ ಅವನ ಮಗನಿಗೆ ಆ ಖೋಲಿಯ ಮೇಲೆ ಕಣ್ಣಿತ್ತು. ಅಲ್ಲಿ ಮೊಬೈಲ್ ಅಂಗಡಿ ಇಡಬೇಕೆಂದು ಅವನ ಆಸೆ. "ನಾ ಇರೂತನಕ ಇದು ಸಾಲಿ. ನಾ ಸತ್ತ ಮ್ಯಾಲೆ ಬೇಕಾದ ಅಂಗಡಿ ಇಡ್ಲಿ," ಎನ್ನುತ್ತಿದ್ದರು ಅಕ್ಕೋರು, ಒಳಗಿನವರಿಗೆ ಕೇಳಿಸುವಷ್ಟು ಜೋರಾಗಿ.

ಅವರ ಕಲಿಸುವ ರೀತಿಯೇ ಬೇರೆ. ನಾವು ಬರುವ ಮೊದಲು ಯಾವುದೋ ಒಂದು ಕಂಪ್ಯೂಟರಿಗೆ ಕಿತಾಪತಿ ಮಾಡಿಟ್ಟಿರುತ್ತಿದ್ದರು. ಒಂದರ ವೈರು ಸಡಿಲ, ಒಂದರ ಸ್ವಿಚ್ಚು ಬಂದ್, ಇನ್ನೊಂದರ ಪರದೆ ಬರೀ ಹಳದಿ. ಅದು ಯಾರ ಪಾಲಿಗೆ ಬಂತೋ ಅವರು ದೋಷ ಹುಡುಕಿ ಹೇಳಿದ ಮೇಲೆಯೇ ಅವತ್ತಿನ ಪಾಠ. ಒಂದು ದಿನ ಆ ಕಂಪ್ಯೂಟರು ನನ್ನ ಪಾಲಿಗೆ ಬಂತು. ಪರದೆ ಕಪ್ಪಗೆ ಕೂತಿತ್ತು.

"ಅಕ್ಕೋರ, ಇದು ಸತ್ತೈತ್ರಿ," ಎಂದೆ.

"ನಾಡಿ ಹಿಡದ ನೋಡಿದ್ಯಾ?"

ನಾನು ಪಿಳಿಪಿಳಿ ಕಣ್ಣು ಬಿಟ್ಟೆ. ಅವರು ಬಂದು ನನ್ನ ಬೆರಳು ಹಿಡಿದು ಕೀಬೋರ್ಡಿನ ಬಲಮೂಲೆಯ ನಮ್ ಲಾಕ್ ಕೀಲಿಯ ಮೇಲೆ ಒತ್ತಿಸಿದರು. ಮೇಲೆ ಸಣ್ಣ ಹಸಿರು ದೀಪ ಹತ್ತಿತು. ಮತ್ತೆ ಒತ್ತಿಸಿದರು, ಆರಿತು.

"ನೋಡು, ಒಳಗ ಎಲ್ಲಾ ನಡದೈತಿ. ನಾವು ಕೇಳಿದ್ದೂ ಅದಕ್ಕ ಕೇಳಸ್ತೈತಿ. ಏನ್ ಹೇಳಾಕತ್ತೈತಿ ಅನ್ನೂದಷ್ಟ ನಮಗ ಕಾಣವಲ್ತು. ಪರದೆ ಕಪ್ಪಾತಂತ ಹೊತ್ಕೊಂಡ ಹೋಗಿ ಮಣ್ಣ ಮಾಡಾಕ ಹೊಂಟೀಯಲ್ಲ, ಖೋಡಿ. ಮೊದಲ ಒತ್ತಿ ನೋಡು."

ಅವತ್ತು ಅವರು ಮಾಡಿದ್ದ ಕಿತಾಪತಿ ಎಂದರೆ ಪರದೆಯ ಬೆಳಕನ್ನು ಪೂರಾ ಇಳಿಸಿದ್ದು, ಅಷ್ಟೇ. ಮೊಟಕು ಮಾತ್ರ ಬಿತ್ತು, ಖೋಡಿ ಎಂಬ ಆ ಬೈಗುಳವೂ ನನಗೆ ಹೆಸರಾಗಿ ಅಂಟಿಕೊಂಡಿತು.

ನನ್ನನ್ನು ಮುಂಡಗೋಡ ತಾಲೂಕಿನ ಮಳಗಿಗೆ ಕೊಟ್ಟರು. ಪಾತ್ರೆ, ಬಾಂಡೆ ಸಾಮಾನಿನ ಜೊತೆ ಕಂಪ್ಯೂಟರೂ ಬೇಕು ಎಂದು ಅಪ್ಪನ ಮುಂದೆ ಹಟ ಹಿಡಿದು ಅದನ್ನೂ ಟೆಂಪೋದಲ್ಲಿ ಹೇರಿಸಿಕೊಂಡು ಹೋದೆ. ಗಂಡನ ಮನೆಯವರು ಕೆಟ್ಟವರಲ್ಲ. ಹೊಡೆಯಲಿಲ್ಲ, ಬಡಿಯಲಿಲ್ಲ, ಹೊತ್ತಿಗೆ ಸರಿಯಾಗಿ ಊಟ. ಆದರೆ ಸೊಸೆ ಹೊಸ್ತಿಲು ದಾಟಿ ದುಡಿಯಲು ಹೋಗುವುದು ಆ ಮನೆಯಲ್ಲಿ ಇಲ್ಲ. ಸಂತೆಗೆ ಅತ್ತೆ, ಬ್ಯಾಂಕಿಗೆ ಗಂಡ, ತವರಿಗೆ ಹೋಗಬೇಕೆಂದರೆ ಅಪ್ಪನೇ ಬಂದು ಕರೆದೊಯ್ಯಬೇಕು. ನನ್ನ ಖೋಲಿಯ ಕಿಟಕಿ ತೆರೆದರೆ ಕಾಣುವುದು ಪಕ್ಕದ ಮನೆಯ ಗೋಡೆ. ಆ ಗೋಡೆಯ ಬಿರುಕುಗಳೆಲ್ಲ ನನಗೆ ಬಾಯಿಪಾಠವಾಗಿದ್ದವು.

ಅಕ್ಕೋರೇ ಯಾರಿಗೋ ಹೇಳಿ ಒಂದು ಪ್ರೆಸ್ಸಿನಿಂದ ನನಗೆ ಲಗ್ನಪತ್ರಿಕೆ ಟೈಪ್ ಮಾಡುವ ಕೆಲಸ ಹಚ್ಚಿಕೊಟ್ಟರು. ಮನೆಯೊಳಗೇ ಕೂತು ಮಾಡುವುದಾದ್ದರಿಂದ ಯಾರೂ ತಕರಾರು ತೆಗೆಯಲಿಲ್ಲ. ಅನಮೋಡದ ವರ, ಚಿಗಳ್ಳಿಯ ವಧು, ದಾಂಡೇಲಿಯ ಕಲ್ಯಾಣಮಂಟಪ. ಊರ ಮಂದಿಯ ಮದುವೆಗೆಲ್ಲ ನಾನು ಪರದೆಯೊಳಗಿನಿಂದಲೇ ಹೋಗಿಬಂದೆ. ಆ ಪರದೆ ಇರದಿದ್ದರೆ ನನಗೆ ಹುಚ್ಚು ಹಿಡಿಯುತ್ತಿತ್ತು. ಇದನ್ನು ಉತ್ಪ್ರೇಕ್ಷೆಗೆ ಹೇಳುತ್ತಿಲ್ಲ.

ಅದೂ ಒಂದು ದಿನ ಕಪ್ಪಾಯಿತು. ಖಂಡೆಪೂಜೆಯ ಮರುದಿನ. ಖಂಡೆಪೂಜೆ ಎಂದರೆ ಆಯುಧಪೂಜೆ, ಮನೆಯ ಯಂತ್ರಗಳಿಗೆಲ್ಲ ಅವತ್ತು ಪೂಜೆ. ಮರುದಿನ ಸ್ವಿಚ್ ಒತ್ತಿದರೆ ಡಬ್ಬಿಯೊಳಗೆ ಫ್ಯಾನು ತಿರುಗುತ್ತಿದೆ, ಪರದೆಯಲ್ಲಿ ಮಾತ್ರ ಏನೂ ಇಲ್ಲ. ನಮ್ಮನೆಯವರು ಬಾಗಿಲಲ್ಲೇ ನಿಂತು ನೋಡಿದರು.

"ಹೋತ ಬಿಡು. ಗುಜರಿಗೆ ಹಾಕಿಬಿಡೂಣು. ಆ ಮೂಲ್ಯಾಗ ಕಪಾಟ ಇಟ್ರ ಚಲೋ ಆಗತೈತಿ," ಎಂದರು.

ರಿಪೇರಿಯವರನ್ನು ಕರೆಸೋಣ ಎಂದೆ. ಗೊತ್ತಿಲ್ಲದ ಗಂಡಸರು ಸೊಸೆಯ ಖೋಲಿಗೆ ಬರುವುದು ಬೇಡ ಎಂದರು ಅತ್ತೆ. ಕಪಾಟಿನ ಅಳತೆ ತೆಗೆಯಲು ಗಂಡ ಟೇಪು ಹುಡುಕಹತ್ತಿದರು. ಬಾಗಿಲು ಮುಂದೆ ಮಾಡಿಕೊಂಡು ಅಕ್ಕೋರಿಗೆ ಫೋನ್ ಹಚ್ಚಿ, ಕಪಾಟಿನ ತನಕ ಎಲ್ಲ ಹೇಳಿದೆ.

"ಒತ್ತಿ ನೋಡಿದ್ಯಾ?" ಅವರ ಮೊದಲ ಮಾತೇ ಅದು.

ಒತ್ತಿದೆ. ಹಸಿರು ದೀಪ ಹತ್ತಿತು. ನನ್ನ ಕಣ್ಣಲ್ಲಿ ನೀರು ಬಂತು.

"ಹತ್ತೇತ್ರಿ ಅಕ್ಕೋರ."

"ಅಂದ್ರ ಡಬ್ಬಿ ಚಲೋ ಐತಿ. ಪರದೆ ಕೆಳಗಿನ ದೀಪ ಯಾವ ಬಣ್ಣದ್ದು?"

"ಕೇಸರಿ ರೀ. ಮಿಣಕ್ ಮಿಣಕ್ ಅನ್ನಾಕತ್ತೈತಿ."

"ಅಂದ್ರ ಪರದೆನೂ ಜೀವಂತ ಐತಿ, ಹಾದಿ ಕಾಯಾಕತ್ತೈತಿ. ಇದೂ ಬದುಕೇತಿ, ಅದೂ ಬದುಕೇತಿ, ನಡುವ ಮಾತು ಕಡಿದೈತಿ. ಕರೆಂಟ್ ತಗದು, ನಡುವಿನ ವೈರ್ ಬಿಚ್ಚು."

ಡಬ್ಬಿಯ ಹಿಂದಿನ ನೀಲಿ ಬಾಯಿಯ ಎರಡೂ ತಿರುಪು ಸಡಿಲಿಸಿ ವೈರು ಎಳೆದೆ. ಒಳಗಿನ ಸಣ್ಣ ತೂತುಗಳೆಲ್ಲ ಬೆಳ್ಳಗೆ ಮುಚ್ಚಿಹೋಗಿದ್ದವು.

"ಏನೋ ಬಿಳೀದ್ ಐತ್ರಿ."

"ಬಿಳೀದಾ? ಮೂಸಿ ನೋಡು."

ಮೂಸುವುದು ಬೇಕಿರಲಿಲ್ಲ. ಡಬ್ಬಿಯ ಎರಡೂ ಮಗ್ಗುಲಿಗೆ ಮೂರು ಮೂರು ಬೆರಳಿನ ಗೆರೆ ಕಾಣುತ್ತಲೇ ಇತ್ತಲ್ಲ. ಅತ್ತೆ ಮೈಗೆಲ್ಲ ಈಬತ್ತಿ, ಅದೇ ವಿಭೂತಿ, ಧರಿಸಿಯೇ ಪೂಜೆಗೆ ಕೂರುವವರು. ಕಂಪ್ಯೂಟರಿಗೂ ಹಣೆ, ಎದೆ, ತೋಳು ಎಂದು ಹಚ್ಚುತ್ತಾ ಹೋಗಿ, ಬೆನ್ನಿಗೆ ಹಚ್ಚುವಾಗ ವೈರು ಅಡ್ಡ ಬಂದಿದೆ. ತಿರುಪು ಬಿಚ್ಚಿ ವೈರು ಕಿತ್ತು, ಒದ್ದೆ ಈಬತ್ತಿ ತೀಡಿ, ಮತ್ತೆ ಮೊದಲಿನಂತೆ ಸಿಕ್ಕಿಸಿದ್ದಾರೆ. ಅದು ಒಳಗೆ ಸುಣ್ಣದಂತೆ ಒಣಗಿ ಕೂತಿದೆ.

ಹೇಳಿದೆ. ಅಕ್ಕೋರು ನಕ್ಕರು ನೋಡಿ, ಕೆಮ್ಮು ಬರುವ ತನಕ ನಕ್ಕರು. "ಹಿಂಗ ಕೆಡಿಸಬೇಕಂತ ನನಗೂ ಹೊಳದಿದ್ದಿಲ್ಲ ಬಿಡು. ಒಣಾ ಬ್ರಶ್ ತಗೊಂಡು ತಿಕ್ಕು, ತೂತಿಗೆ ಸಣ್ಣ ಸೂಜಿ ಆಡಿಸು. ಸಾವಕಾಶ. ಕಪಾಟ ತರೂ ಮಂದಿ ಎಲ್ಲಿ ಅದಾರ?"

"ಟೇಪ್ ಹುಡುಕಾಕತ್ತಾರ್ರಿ."

"ಎತ್ತು ಈದೈತಿ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅನ್ನೂ ಮಂದಿ. ಹುಡುಕ್ಲಿ."

ಟೇಪು ಸಿಗುವಷ್ಟರಲ್ಲಿ ಪರದೆ ಬೆಳಗಿತ್ತು. ಅರ್ಧ ಟೈಪ್ ಮಾಡಿಟ್ಟಿದ್ದ ಯಾರದೋ ಲಗ್ನಪತ್ರಿಕೆ ತೆರೆದರೆ ಹಾಗೇ ಇತ್ತು. "ನಿಮ್ಮ ಈಬತ್ತಿನ ರೀ ಅತ್ತಿ," ಎಂದು ನಾನು ಹೇಳಿಯೇ ಬಿಟ್ಟೆ. ಅತ್ತೆ ಬಗ್ಗಲಿಲ್ಲ. "ಈಬತ್ತಿ ಹಚ್ಚಿದ್ದಕ್ಕ ಇಷ್ಟರ ಉಳದೈತಿ. ಇಲ್ಲಾಂದ್ರ ಪೂರಾ ಸುಟ್ಟ ಹೋಗಿರ್ತಿತ್ತು," ಎಂದರು. ಈಗಲೂ ಖಂಡೆಪೂಜೆಗೆ ನಾನು ಆ ತೂತುಗಳಿಗೆಲ್ಲ ಮೊದಲೇ ಟೇಪು ಅಂಟಿಸಿ, ಆಮೇಲೆ ಅವರನ್ನು ಕರೆಯುತ್ತೇನೆ.

ಅದಾದ ಮೇಲೆ ಏನೂ ಕೆಡದಿದ್ದರೂ ನಾನು ಅಕ್ಕೋರಿಗೆ ಫೋನ್ ಮಾಡುತ್ತಿದ್ದೆ. ಅವರು ಸಮಾಧಾನದ ಮಾತು ಹೇಳುವವರಲ್ಲ. "ಹೊರಗ ಹೋಗಾಕ ಬಿಡಂಗಿಲ್ರಿ" ಎಂದು ಅತ್ತರೆ, "ನಾನೂ ಈ ಖೋಲಿ ಬಿಟ್ಟು ಎಲ್ಲಿ ಹೋಗೇನಿ?" ಎಂದು ಗದರುತ್ತಿದ್ದರು. ಆದರೆ ಫೋನ್ ಇಡುವ ಮುಂಚೆ ಪ್ರತಿ ಸಲವೂ ಕೇಳುತ್ತಿದ್ದರು: "ದೀಪ ಹತ್ತೇತಿಲ್ಲೋ?" ಅವರು ಕೇಳುವುದು ಕಂಪ್ಯೂಟರಿನ ಬಗ್ಗೆ ಅಲ್ಲ ಎಂದು ನನಗೂ ಗೊತ್ತಿತ್ತು. "ಹತ್ತೇತ್ರಿ" ಎನ್ನುತ್ತಿದ್ದೆ.

ಕಳೆದ ವರ್ಷ ಒಂದು ದಿನ ಅವರ ಫೋನಿನಲ್ಲಿ ಅವರ ಬದಲು ಅಣ್ಣನ ಸೊಸೆಯ ದನಿ ಬಂತು. ಅಕ್ಕೋರಿಗೆ ಲಕ್ವಾ ಹೊಡೆದಿತ್ತು. ಮಾತು ನಿಂತಿತ್ತು, ಎಡಭಾಗ ಬಿದ್ದುಹೋಗಿತ್ತು. "ಬುದ್ಧೀನ ಹೋಗೇತ್ರಿ. ಯಾರ ಗುರ್ತೂ ಇಲ್ಲ," ಎಂದಳು ಆಕೆ.

"ಗುರ್ತ ಸಿಗದವರನ್ನ ನೋಡಾಕ ಹೋಗಿ ಏನ್ ಮಾಡ್ತಿ?" ಎಂದರು ನಮ್ಮನೆಯವರು.

"ಸಿಗತೈತೋ ಇಲ್ಲೋ, ನೋಡಿದ ಮ್ಯಾಲೆ ಹೇಳ್ತೇನ್ರಿ," ಎಂದೆ. ಅಪ್ಪನಿಗೆ ಹೇಳಿ ಕಳಿಸಲಿಲ್ಲ, ಅತ್ತೆಯ ಅಪ್ಪಣೆಗೆ ಕಾಯಲಿಲ್ಲ. ಚಪ್ಪಲಿ ಮೆಟ್ಟಿ ಹೊರಟೆ. ಮದುವೆಯಾದ ಮೇಲೆ ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು. ಮುಂಡಗೋಡದಲ್ಲಿ ಬಸ್ಸು ಬದಲಿಸುವಾಗ ಬೋರ್ಡನ್ನು ಮೂರು ಸಲ ಓದಿಕೊಂಡು ಹತ್ತಿದೆ.

ಅಕ್ಕೋರನ್ನು ಅದೇ ಖೋಲಿಯಲ್ಲಿ ಮಲಗಿಸಿದ್ದರು. ಕಂಪ್ಯೂಟರುಗಳನ್ನು ಒಂದು ಮೂಲೆಗೆ ಒಟ್ಟಿದ್ದರು. ಮಂಚದ ಕಾಲ ಹತ್ತಿರವೇ ನಿಂತು ಅಣ್ಣನ ಮಗ ಬಡಿಗನಿಗೆ ಅಂಗಡಿಯ ಶೋಕೇಸು ಎಲ್ಲಿಂದ ಎಲ್ಲಿಗೆ ಬರಬೇಕೆಂದು ಕೈಮಾಡಿ ತೋರಿಸುತ್ತಿದ್ದ. ತನ್ನ ಸೋದರತ್ತೆಯನ್ನು ಹಿಂದಿನ ಪಡಸಾಲೆಗೆ ಸಾಗಿಸಿದರಾಯಿತು ಎನ್ನುತ್ತಿದ್ದ. ಅವನ ಹೆಂಡತಿ ಅಕ್ಕೋರ ಬಾಯಿ ಒರೆಸುತ್ತಲೇ "ಪಡಸಾಲ್ಯಾಗ ವಾಸನಿ ಆಗತೈತಿ" ಎಂದಳು. ಅಕ್ಕೋರ ಮುಖದಲ್ಲಿ ಏನೂ ಇರಲಿಲ್ಲ. ಕಣ್ಣು ಜಂತಿಯ ಕಡೆ ನೆಟ್ಟಿದ್ದವು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹತ್ತಿರ ಕೂತು ಅವರ ಬಲಗೈಯನ್ನು ಅಂಗೈಯಲ್ಲಿ ಇಟ್ಟುಕೊಂಡೆ. ಆ ಚಪ್ಪಟೆ ಬೆರಳು ತಣ್ಣಗಿತ್ತು.

"ಅಕ್ಕೋರ, ನಾನ್ರಿ, ಖೋಡಿ. ದೀಪ ಹತ್ತೇತೇನ್ರಿ? ಹತ್ತಿದ್ರ ಒಮ್ಮೆ ಒತ್ರಿ."

ಬೆರಳು ಅಲ್ಲಾಡಲಿಲ್ಲ. ಅಣ್ಣನ ಮಗ ಬಡಿಗನ ಕಡೆ ನೋಡಿ ತುಟಿ ಓರೆ ಮಾಡಿದ. ಮತ್ತೆ ಕೇಳಿದೆ. ಆಗ ಆ ಬೆರಳು ನನ್ನ ಅಂಗೈಯನ್ನು ಒತ್ತಿತು. ಸಾವಕಾಶವಾಗಿ, ಕೀಲಿ ಪೂರ್ತಿ ಕೆಳಗೆ ಹೋಗುವ ಹಾಗೆ.

"ಇವರು ಮಾತಾಡಿದ್ದೆಲ್ಲಾ ಕೇಳಸಾಕತ್ತೈತೇನ್ರಿ?"

ಒತ್ತಿದರು.

"ಖೋಲಿ ಬಿಡ್ತೀರೇನ್ರಿ? ಬಿಡಂಗಿಲ್ಲಂದ್ರ ಎರಡ ಸಲ ಒತ್ರಿ."

ಎರಡು ಸಲ ಒತ್ತಿದರು. ಎರಡನೆಯದು ಉಗುರು ನಾಟುವಷ್ಟು ಜೋರಾಗಿತ್ತು.

ಅಣ್ಣನ ಸೊಸೆ ಕೈಯಲ್ಲಿದ್ದ ಅರಿವೆ ಬಿಟ್ಟು ಅಲ್ಲೇ ಕುಸಿದಳು. ಇಷ್ಟು ದಿನ ಇವರ ಕಿವಿಯ ಮೇಲೆ ಏನೇನು ಆಡಿದೆವೋ ಎಂದು ಅಳಹತ್ತಿದಳು. ಅಣ್ಣನ ಮಗ ತಲೆ ಎತ್ತಲಿಲ್ಲ. ಬಡಿಗನನ್ನು ಕಳಿಸಿಬಿಟ್ಟ. ಅಲ್ಲಿಂದ ಮುಂದೆ ಗಂಜಿಯೋ ಚಹಾವೋ, ಕಿಟಕಿ ತೆರೆಯಬೇಕೋ ಬೇಡವೋ, ಎಲ್ಲವನ್ನೂ ಅವರ ಕೈ ಹಿಡಿದು ಕೇಳುವುದನ್ನು ಆ ಮನೆಯವರು ಕಲಿತರು. ಖೋಲಿ ಕಡೆಯ ತನಕ ಅಕ್ಕೋರದೇ ಆಗಿತ್ತು.

ನಾನು ಹೋಗಿಬರುತ್ತಲೇ ಇದ್ದೆ. ಪ್ರತಿ ಸಲವೂ ಮನೆಯಲ್ಲಿ ಮುಖ ಊದಿಸಿಕೊಂಡರು, ಪ್ರತಿ ಸಲವೂ ಚಪ್ಪಲಿ ಮೆಟ್ಟಿದೆ. ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ. ನನ್ನ ಖೋಲಿಯ ಕಿಟಕಿಯಾಚೆ ಅದೇ ಗೋಡೆ ಇದೆ.

ಅಕ್ಕೋರು ತೀರಿಕೊಳ್ಳುವ ಮುಂಚಿನ ವಾರ ಹೋದಾಗ ಅವರು ಬಹಳ ಸೋತಿದ್ದರು. ಏನೂ ಕೇಳಿ ದಣಿಸಬಾರದೆಂದು ಸುಮ್ಮನೆ ಕೈ ಹಿಡಿದು ಕೂತೆ. ಬಸ್ಸಿನ ಹೊತ್ತಾಯಿತು, ಎದ್ದೆ. ಅವರು ಕೈ ಬಿಡಲಿಲ್ಲ. ಆ ಚಪ್ಪಟೆ ಬೆರಳು ನನ್ನ ಅಂಗೈಯನ್ನು ಒಮ್ಮೆ ಒತ್ತಿ ಹಾಗೇ ನಿಂತಿತು. ಕಣ್ಣು ನನ್ನ ಮುಖದ ಮೇಲಿತ್ತು. ನಾನು ಏನೂ ಕೇಳಿರಲಿಲ್ಲ. ಕೇಳುತ್ತಿದ್ದವರು ಅವರು, ಫೋನ್ ಇಡುವ ಮುಂಚೆ ಕೇಳುತ್ತಿದ್ದ ಹಾಗೆ.

ನಾನು ಮತ್ತೆ ಕೂತು, ಅವರ ಅಂಗೈಯ ಮೇಲೆ ಬೆರಳಿಟ್ಟು ಒಮ್ಮೆ ಒತ್ತಿದೆ.