ಅಪ್ಪನ ವಯಸ್ಸಿನ ಲೆಕ್ಕ

ಗಣಿತದ ಪಾಠಕ್ಕೆ ತಯಾರಾಗುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಶಾಲೆಯಲ್ಲಿ ಯಾರೂ ಇಲ್ಲ ಎಂಬ ಜಂಬ ನನಗಿತ್ತು. ಕುಮಾರಸ್ವಾಮಿ ಲೇಔಟಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಇಪ್ಪತ್ತು ವರ್ಷಗಳಿಂದ ಲೆಕ್ಕ ಹೇಳಿಕೊಡುತ್ತಿದ್ದೇನೆ. ಪಾಠಯೋಜನೆಯ ಪುಸ್ತಕವನ್ನು ಹೆಡ್ ಮಿಸ್ ಸಹಿಗೋಸ್ಕರ ಬರೆಯುವವರೇ ಹೆಚ್ಚು. ಹೋದ ವರ್ಷದ್ದನ್ನೇ ತಾರೀಖು ಬದಲಿಸಿ ಇಳಿಸುವ ಮಹಾನುಭಾವರೂ ಇದ್ದಾರೆ. ನಾನು ಮಾತ್ರ ತ್ಯಾಗರಾಜನಗರದ ಮನೆಯಲ್ಲಿ ಬೆಳಿಗ್ಗೆ ಕುಕ್ಕರ್ ಕೂಗುವುದರೊಳಗೆ, ಮಕ್ಕಳು ಎಲ್ಲಿ ಎಡವುತ್ತಾರೆ, ಎಡವಿದಾಗ ನಾನು ಏನು ಕೇಳಬೇಕು ಎಂಬುದನ್ನೆಲ್ಲ ಬರೆದಿಟ್ಟುಕೊಳ್ಳುತ್ತಿದ್ದೆ.

ಎಂಟನೇ ತರಗತಿಯ ವಯಸ್ಸಿನ ಲೆಕ್ಕಗಳಲ್ಲಿ ಮಕ್ಕಳು ಎಡವುವುದು ಒಂದೇ ಕಡೆ. 'ಇನ್ನು ಎಷ್ಟು ವರ್ಷಗಳ ನಂತರ' ಎಂದು ಕೇಳಿದರೆ ಮಗನ ವಯಸ್ಸಿಗೆ x ಕೂಡಿಸುತ್ತಾರೆ, ಅಪ್ಪನ ವಯಸ್ಸನ್ನು ಇದ್ದ ಹಾಗೇ ಬಿಟ್ಟುಬಿಡುತ್ತಾರೆ. ವರ್ಷಾ ವರ್ಷಾ ಗಂಟಲು ಹರಿದುಕೊಂಡು ಹೇಳಿದ್ದೇನೆ, ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಗಿದೆ. ಆ ವರ್ಷ ಹಟ ಹಿಡಿದೆ. ಪುಸ್ತಕದ ಯಾರೋ ಅಪ್ಪ ಮಗನ ಲೆಕ್ಕ ಬೇಡ, ಪ್ರತಿಯೊಬ್ಬರೂ ತಮ್ಮ ಅಪ್ಪನ ವಯಸ್ಸನ್ನೇ ಹಾಕಿ ಮಾಡಲಿ, ಅಪ್ಪನ ವಯಸ್ಸು ತನ್ನ ವಯಸ್ಸಿನ ಸರಿಯಾಗಿ ಎರಡರಷ್ಟಾಗುವುದು ಯಾವಾಗ ಎಂದು ಕಂಡುಹಿಡಿಯಲಿ ಎಂದು ಯೋಜನೆ ಹಾಕಿದೆ.

ಅದರಲ್ಲಿ ಇನ್ನೂ ಒಂದು ಆಸೆ ಇತ್ತು. ದಸರಾ ರಜೆ ಮುಗಿದ ಮೇಲೆ ಅಂಜನಾಪುರದ ಕಡೆಯ ಶಾಲೆಯಿಂದ ಬಂದು ಒಬ್ಬ ಹುಡುಗಿ ನಮ್ಮಲ್ಲಿ ಸೇರಿದ್ದಳು. ಮನೆಗೆಲಸಕ್ಕೆ ಕೊಟ್ಟ ಲೆಕ್ಕಗಳಲ್ಲಿ ಒಂದೂ ತಪ್ಪಿರುತ್ತಿರಲಿಲ್ಲ, ಆದರೆ ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಒಂದು ತಿಂಗಳಾದರೂ ಅವಳ ದನಿ ಹೇಗಿದೆ ಎಂದು ನನಗೆ ಗೊತ್ತಿರಲಿಲ್ಲ. ಈ ಪಾಠದಲ್ಲಿ ಅವಳನ್ನು ಬೋರ್ಡಿಗೆ ಕರೆದು ಮಾತಾಡಿಸಲೇಬೇಕು ಎಂದು ಯೋಜನೆಯಲ್ಲಿ ಅವಳ ಹೆಸರನ್ನೇ ಬರೆದುಕೊಂಡಿದ್ದೆ.

ತರಗತಿ ಸೊಗಸಾಗಿ ಶುರುವಾಯಿತು. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. "ಮಿಸ್, ನಮ್ಮಪ್ಪಂಗೆ ಆಧಾರ್‌ನಲ್ಲಿ ಒಂದು ವಯಸ್ಸು, ನಮ್ಮಜ್ಜಿ ಹೇಳೋದು ಇನ್ನೊಂದು. ಯಾವ್ದು ಹಾಕ್ಲಿ?"

"ಹೆತ್ತಿದ್ದು ಅಜ್ಜಿ ಕಣೋ, ಆಧಾರ್ ಅಲ್ಲ. ಅಜ್ಜಿದೇ ಹಾಕು," ಅಂದೆ. ಎಲ್ಲರೂ ನಕ್ಕರು.

ಬೆಂಚುಗಳ ಮಧ್ಯೆ ಓಡಾಡುತ್ತ ಆ ಹುಡುಗಿಯ ಬಳಿ ಬಂದೆ. ಅವಳ ನೋಟ್‌ಬುಕ್ಕಿನಲ್ಲಿ 39 = 2(13 + x) ಎಂದಿತ್ತು. ಉತ್ತರ ಆರೂವರೆ ವರ್ಷ. ಸಂತೋಷವಾಯಿತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ನಿಜಕ್ಕೂ ಸಂತೋಷವಾಯಿತು. ನಾನು ಕಾದಿದ್ದ ತಪ್ಪು, ನಾನು ಕಾದಿದ್ದ ಹುಡುಗಿಯ ಕೈಯಲ್ಲೇ ಸಿಕ್ಕಿತ್ತು. ಕೆಂಪು ಪೆನ್ನಿನಲ್ಲಿ ತಪ್ಪು ಎಂದು ಗುರುತು ಹಾಕಿ, ಅದನ್ನೇ ಬೋರ್ಡಿನ ಮೇಲೆ ಬರೆಯಲು ಕಳಿಸಿದೆ. ಬರೆದು ಮುಗಿಸಿ, ಸೀಮೆಸುಣ್ಣ ಹಿಡಿದುಕೊಂಡೇ ನಿಂತಳು.

ಯೋಜನೆಯಲ್ಲಿ ಬರೆದುಕೊಂಡಿದ್ದ ಪ್ರಶ್ನೆಯನ್ನು ಕೇಳಿದೆ. "ಆರೂವರೆ ವರ್ಷದಲ್ಲಿ ನೀನು ದೊಡ್ಡೋಳಾಗ್ತೀಯ. ನಿಮ್ಮಪ್ಪಂಗೆ ಮಾತ್ರ ವಯಸ್ಸೇ ಆಗಲ್ವೇನಮ್ಮ?"

'ಇಲ್ಲಿ ಮಕ್ಕಳು ನಗುತ್ತಾರೆ' ಎಂದೂ ಬರೆದುಕೊಂಡಿದ್ದೆ. ನಕ್ಕರು.

"ಆಗಲ್ಲ ಮಿಸ್," ಅಂದಳು. ಅವಳ ದನಿ ನಾನು ಕೇಳಿದ್ದು ಅದೇ ಮೊದಲು.

ಮೊಂಡುತನ ಮಾಡುತ್ತಿದ್ದಾಳೆ ಅಂದುಕೊಂಡೆ. ನನ್ನ ನಾಲಿಗೆ ಮೊದಲಿಂದಲೂ ಸ್ವಲ್ಪ ಉದ್ದ. "ಯಾಕಾಗಲ್ಲ? ನಿಮ್ಮಪ್ಪ ಏನು ಅಮೃತ ಕುಡಿದಿದಾರಾ?" ಅಂದೆ.

ಈ ಸಲ ನಗು ಅರ್ಧಕ್ಕೇ ನಿಂತಿತು. ಅವಳ ಪಕ್ಕ ಕೂರುವ ಹುಡುಗಿ ಎದ್ದು, "ಮಿಸ್, ಅವಳಿಗೆ ಅಪ್ಪ ಇಲ್ಲ. ತೀರ್ಕೊಂಡ್ರು," ಅಂದಳು.

ಬೋರ್ಡಿಗೆ ಬಂದವರು ತಾವು ಬರೆದದ್ದನ್ನು ಒರೆಸಿಯೇ ಹೋಗಬೇಕು ಎಂಬುದು ನನ್ನ ತರಗತಿಯ ನಿಯಮ. ಅವಳು ಡಸ್ಟರ್ ತೆಗೆದುಕೊಂಡು ಆ ಮೂವತ್ತೊಂಬತ್ತನ್ನು ನಿಧಾನವಾಗಿ ಒರೆಸಿ, ತನ್ನ ಜಾಗಕ್ಕೆ ಹೋಗಿ ಕೂತಳು.

ಸ್ಟಾಫ್ ರೂಮಿನಲ್ಲಿ ನಡೆದದ್ದನ್ನು ಹೇಳಿದಾಗ ಆ ಹುಡುಗಿಯ ಕ್ಲಾಸ್ ಟೀಚರ್ ನನ್ನ ಮುಖವನ್ನೇ ನೋಡಿದರು. "ಅವಳು ಸೇರಿದ ದಿನಾನೇ ಹೇಳಿದ್ನಲ್ರೀ. ಹಾರ್ಟ್ ಅಟ್ಯಾಕ್, ಮೂವತ್ತೊಂಬತ್ತು ವರ್ಷಕ್ಕೇ ಹೋಗ್ಬಿಟ್ರು, ತಾಯಿ ಮಗಳು ಅಜ್ಜಿ ಮನೆಗೆ ಬಂದಿದಾರೆ ಅಂತ. ನೀವು ಹೂಂ ಹೂಂ ಅಂದ್ರಿ." ಹೌದು, ಹೂಂ ಅಂದಿದ್ದೆ. ಆ ದಿನ ನಾನು ಮುಂದಿನ ಪಾಠಕ್ಕೆ ರಟ್ಟು ಕತ್ತರಿಸುತ್ತ ಕೂತಿದ್ದೆ. ಮಕ್ಕಳ ಪ್ರತಿಯೊಂದು ತಪ್ಪನ್ನೂ ಮುಂಚೆಯೇ ಊಹಿಸಿ ಬರೆದಿಡುವ ನನಗೆ, ಕಿವಿಗೆ ಬಿದ್ದ ಮಾತನ್ನು ಕೇಳಿಸಿಕೊಳ್ಳುವಷ್ಟು ಬಿಡುವಿರಲಿಲ್ಲ. ಅವತ್ತು ಸಂಜೆ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಅತ್ತೆ.

ಮಾರನೆಯ ದಿನ ಅವಳನ್ನು ಕರೆದು ಕ್ಷಮೆ ಕೇಳಬೇಕು ಎಂದುಕೊಂಡೇ ಹೋಗಿದ್ದೆ. ಯಾವ ಮಾತು ಮೊದಲು, ಯಾವುದು ಆಮೇಲೆ ಎಂದು ಅದಕ್ಕೂ ಒಂದು ಯೋಜನೆ ಮಾಡಿಕೊಂಡಿದ್ದೆ, ಹುಟ್ಟುಗುಣ ಎಲ್ಲಿಗೆ ಹೋದೀತು. ಆದರೆ ಪ್ರಾರ್ಥನೆಯ ಬೆಲ್ಲಿಗೆ ಮುಂಚೆಯೇ ಅವಳೇ ನೋಟ್‌ಬುಕ್ ಹಿಡಿದುಕೊಂಡು ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು.

ಲೆಕ್ಕವನ್ನು ಹೊಸದಾಗಿ ಮಾಡಿದ್ದಳು. ನಾನು ಹೇಳಿಕೊಟ್ಟಿದ್ದಂತೆಯೇ ಅಪ್ಪನ ವಯಸ್ಸಿಗೂ x ಕೂಡಿಸಿದ್ದಳು. ಉತ್ತರ ಹದಿಮೂರು. ಉತ್ತರ ಬಂದ ಮೇಲೆ ತಾಳೆ ನೋಡಬೇಕು ಎಂದು ನಾನು ಬಡಿದುಕೊಳ್ಳುತ್ತಿದ್ದೆನಲ್ಲ, ಅದನ್ನೂ ಬರೆದಿದ್ದಳು: '13 ವರ್ಷಗಳ ನಂತರ ಅಪ್ಪನ ವಯಸ್ಸು 52, ನನ್ನ ವಯಸ್ಸು 26.'

"ಈಗ ಸರಿನಾ ಮಿಸ್?"

ನಾನು ಕಟ್ಟಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಬದಿಗಿಟ್ಟೆ. "ನಿನ್ನೆ ನೀನು ಬರೆದಿದ್ದೇ ಸರಿ ಇತ್ತು ಕಣಮ್ಮ. ನಂದೇ ತಪ್ಪು," ಅಂದೆ.

ಅವಳು ಆ ಐವತ್ತೆರಡರ ಕೆಳಗೆ ಬೆರಳಿಟ್ಟು ಕೇಳಿದಳು. "ಹಾಗಾದ್ರೆ ಇದು ತಪ್ಪಾ ಮಿಸ್?"

ಇಂಥ ಸಮೀಕರಣಕ್ಕೆ ಒಂದೇ ಉತ್ತರ ಇರುತ್ತದೆ ಎಂದು ಹಿಂದಿನ ವಾರವಷ್ಟೇ ಅವಳಿಗೆ ಪಾಠ ಮಾಡಿದ್ದೆ.

"ಅದೂ ಸರಿ," ಅಂದೆ. "ಎರಡೂ ಸರಿ."

"ಸರಿ ಮಿಸ್," ಎಂದು ನೋಟ್‌ಬುಕ್ ಮಡಚಿಕೊಂಡು ಹೋದಳು. ಅವಳು ನನ್ನ ಮಾತು ನಂಬಲಿಲ್ಲ. ಲೆಕ್ಕ ಅವಳಿಗೆ ಚೆನ್ನಾಗಿ ಬರುತ್ತಿತ್ತು.