ಪಾಚಿ ಕಟ್ಟಿದ ಕಲ್ಲು

ತೊಂಬತ್ತರ ದಶಕದಲ್ಲಿ ನಾನು ಚಿತ್ರದುರ್ಗದ ಕಾಲೇಜಿನಲ್ಲಿ ಭೂವಿಜ್ಞಾನ ಓದುತ್ತಿದ್ದೆ. ಹೆಣ್ಣುಮಗಳಿಗೆ ಕಲ್ಲು ಮಣ್ಣಿನ ಓದು ಯಾಕೆ ಎಂದು ಊರವರು ಆಡಿಕೊಂಡಷ್ಟೂ ನನಗೆ ಹಟ ಹೆಚ್ಚುತ್ತಿತ್ತು. ಕಂಡ ಕಲ್ಲನ್ನೆಲ್ಲ ಮಗುಚಿ ನೋಡದೆ ಕೈ ಸುಮ್ಮನಿರುತ್ತಿರಲಿಲ್ಲ.

ಒಂದು ದಿನ ಮೇಷ್ಟ್ರು ತರಗತಿಯಲ್ಲಿ ಒಂದು ಪಳೆಯುಳಿಕೆಯ ಚಿತ್ರ ತೋರಿಸಿದರು. ಒಡೆದ ಬಳೆಗಳನ್ನು ಒಂದರ ಮೇಲೊಂದು ಜೋಡಿಸಿದಂತೆ ಕಲ್ಲಿನ ತುಂಬ ಬಾಗಿದ ಗೆರೆಗಳು. ಮೀನು, ಮರ ಯಾವುದೂ ಇಲ್ಲದ ಕಾಲದಲ್ಲಿ, ಆಳವಿಲ್ಲದ ಸಮುದ್ರದಲ್ಲಿ, ಪಾಚಿಯಂಥ ಜೀವಿಗಳು ಕೆಸರು ಹಿಡಿದು ಪದರ ಪದರವಾಗಿ ಅದನ್ನು ಕಟ್ಟಿದ್ದವಂತೆ. ಅಯ್ಯೋ, ಈ ಗೆರೆ ನಮ್ಮ ಹಿತ್ತಲಲ್ಲೇ ಇದೆಯಲ್ಲ! ಹೊಸದುರ್ಗದ ಹತ್ತಿರ ನಮ್ಮೂರಿನ ಗುಡ್ಡದಿಂದ ತಾತ ಗಾಡಿಯಲ್ಲಿ ತಂದು ಹಾಕಿದ್ದ ಬಟ್ಟೆ ಒಗೆಯುವ ಕಲ್ಲು ಅದು. ಮೇಷ್ಟ್ರು ನಂಬಲಿಲ್ಲ, ಗೆರೆ ಇದ್ದದ್ದೆಲ್ಲ ಪಳೆಯುಳಿಕೆಯಲ್ಲ ಅಂದರು. ನಾನು ಬಿಡಲಿಲ್ಲ. ಕೊನೆಗೆ ಭಾನುವಾರ ಬಂದು ನೋಡಲು ಒಪ್ಪಿದರು.

ಶನಿವಾರವೇ ಊರಿಗೆ ಓಡಿದೆ. "ಅವ್ವಾ, ನಮ್ಮ ಒಗೆಯೋ ಕಲ್ಲು ಪಾಚಿ ಕಟ್ಟಿದ ಕಲ್ಲು ಕಣವ್ವ! ನಮ್ ಮೇಷ್ಟ್ರು ನಾಳೆ ನೋಡಾಕೆ ಬರ್ತಾರೆ."

ಅವ್ವನ ಮುಖ ಸಣ್ಣದಾಯಿತು. ಹಿತ್ತಲ ಕಡೆ ಒಮ್ಮೆ ನೋಡಿ ಒಳಗೆ ಹೋದಳು.

ಮರುದಿನ ಮೇಷ್ಟ್ರನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೋದೆ. ಹೊಳಲ್ಕೆರೆ ಮೇಲೆ ಬರುವ ಬಸ್ಸು ತಡವಾಗಿತ್ತು. ಅವರನ್ನು ಕರೆದುಕೊಂಡು ಮನೆಗೆ ಬಂದು ನೋಡಿದರೆ ಕಲ್ಲಿನ ಮೈತುಂಬ ಉಳಿಯ ಗುರುತು! ನನ್ನ ಗೆರೆ ಒಂದೂ ಇಲ್ಲ.

"ಏನವ್ವ ಇದು?"

"ಒರಳುಕಲ್ಲು ಕುಟ್ಟೋಳು ಬಂದಿದ್ಲು, ಕೆತ್ತಿಸ್ದೆ. ಪಾಚಿ ಒಂಚೂರೂ ಇಲ್ಲ ಈಗ."

"ಹಾಳು ಮಾಡ್ಬಿಟ್ಯಲ್ಲವ್ವ! ಕಲ್ಲಿನ ಮ್ಯಾಲೆ ಪಾಚಿ ಕಟ್ಟಿದ್ದಲ್ಲ, ಪಾಚಿನೇ ಕಲ್ಲು ಕಟ್ಟಿದ್ದು!"

"ನನಗೇನೇ ಗೊತ್ತು? ಒಗೆಯೋ ಕಲ್ಲು ಪಾಚಿ ಹಿಡಿದೈತೆ ಅಂದ್ರೆ ಮೇಷ್ಟ್ರ ಮುಂದೆ ನಿನ್ನ ಮಾನ ಹೋಗ್ತೈತಲ್ಲ ಅಂತ ಮಾಡ್ಸಿದೆ ಕಣೇ."

ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಮೇಷ್ಟ್ರು ಮಾತ್ರ ಕುಕ್ಕರಗಾಲಲ್ಲಿ ಕೂತು, ಕೆಳಗೆ ಬಿದ್ದಿದ್ದ ಚಕ್ಕೆಗಳನ್ನು ಆರಿಸುತ್ತಿದ್ದರು. ಒಂದಕ್ಕೆ ಚೊಂಬಿನ ನೀರು ಹಾಕಿ, ಭೂತಗನ್ನಡಿ ಹಿಡಿದು ನೋಡಿದರು. ಮೇಲ್ಗಡೆ ಸೋಪು ತಿಂದು ಸವೆದಿದ್ದ ಗೆರೆಗಳು ಒಡೆದ ಮಗ್ಗುಲಲ್ಲಿ ಹೊಚ್ಚ ಹೊಸದಾಗಿದ್ದವು.

"ನೀನು ಹೇಳಿದ್ದೇ ಸರಿ ಕಣಮ್ಮ" ಅಂದವರು ಭೂತಗನ್ನಡಿಯನ್ನು ಅವ್ವನ ಕೈಗೆ ಕೊಟ್ಟರು. "ನೋಡ್ರಿ. ಇಲ್ಲಿ ಒಂದು ಕಾಲಕ್ಕೆ ಸಮುದ್ರ ಇತ್ತು."

"ಸಮುದ್ರನಾ! ಒಂದ್ ಕೊಡ ನೀರಿಗೆ ಸಾಲು ನಿಲ್ತೀವಲ್ರೀ ನಾವು!" ಅವ್ವ ನಕ್ಕಳು. ನೋಡುತ್ತಾ ನೋಡುತ್ತಾ ನಗು ನಿಂತಿತು. "ಇದಕ್ಕೆ ಜೀವ ಇತ್ತಾ ಮೇಷ್ಟ್ರೇ?"

"ಇತ್ತು. ಒಂದೊಂದು ಗೆರೆನೂ ಅದು ಬದುಕಿದ್ದ ಗುರುತು."

ಮರುದಿನ ಬೆಳಿಗ್ಗೆ ಹಿತ್ತಲಿನಿಂದ ಬಟ್ಟೆ ಬಡಿಯುವ ಸದ್ದು ಬರಲಿಲ್ಲ. ಹೋಗಿ ನೋಡಿದೆ. ಅವ್ವ ಅದೇ ಕಲ್ಲಿನ ಮೇಲೆ ಅಪ್ಪನ ಪಂಚೆ ಹರಡಿಕೊಂಡು, ಬರೀ ಕೈಯಲ್ಲಿ ಮೆಲ್ಲಗೆ ತಿಕ್ಕುತ್ತಿದ್ದಳು.